ಅಡ್ರೆಸ್ ಯಾರು ಕೊಡ್ತಾರ್ರೀ?

ನಮ್ಮ ಬಾಗಲಕೋಟೆ ಜಿಲ್ಲೆಯ ಮಂದಿಗೆ ‘ತಾನಾಗೇ’ ಎನ್ನುವ ಮಾತಿನ ಮೇಲೆ ನಂಬಿಕೆ ಇಲ್ಲ. ಹೇಗೆ ಬಂದೀತು? ಮಳೆ ಇಲ್ಲಿ ತಾನಾಗೇ ಬರುವುದಿಲ್ಲ, ಗುರ್ಜಿ ಹೊತ್ತು ಓಣಿ ಓಣಿ ತಿರುಗಿದರೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಸ್ಸು ತಾನಾಗೇ ನಿಲ್ಲುವುದಿಲ್ಲ, ರಸ್ತೆಗೆ ಅಡ್ಡ ನಿಂತು ಕೈ ಬೀಸಬೇಕು. ಯಾರೂ ಕರೆಯದೆ ತಾನಾಗೇ ಬಂದದ್ದು ಅಂದರೆ ಆಲಮಟ್ಟಿಯ ಹಿನ್ನೀರು ಒಂದೇ. ಅದು ನೆಟ್ಟಗೆ ಅಡುಗೆಮನೆಗೇ ಬಂತು.

ಇಂಥ ಮಂದಿಯ ಮುಂದೆ ಹೋಗಿ, ‘ಕಂಪ್ಯೂಟರ್‌ಗೆ ಐಪಿ ಅಡ್ರೆಸ್ ನೀವು ಹಾಕೂದು ಬ್ಯಾಡ್ರಿ, ಅದು ತಾನಾಗೇ ತಗೋತೈತಿ’ ಎಂದು ಹೇಳುವುದು ನನ್ನ ಹೊಟ್ಟೆಪಾಡು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕೂರ ನಡುವೆ ತಿರುಗುವವನು ನಾನು. ಹೆಗಲಿಗೆ ಒಂದು ಚೀಲ, ಚೀಲದಲ್ಲಿ ಕ್ರಿಂಪಿಂಗ್ ಟೂಲು, ಒಂದು ಸುರುಳಿ ಕೇಬಲ್ಲು, ಮುಷ್ಟಿ ತುಂಬ ಕನೆಕ್ಟರು. ಹೋದಲ್ಲೆಲ್ಲ ಕನ್ನಡಕದ ಮೇಲಿಂದ ಒಂದು ನೋಟ, ಆಮೇಲೆ ಒಂದು ಪ್ರಶ್ನೆ: ‘ತಾನಾಗೇ ಅಂದ್ರ? ಯಾರರ ಕೊಡಬೇಕಲ್ಲ? ಯಾರು ಕೊಡ್ತಾರ?’

ಪ್ರಶ್ನೆ ಸರಿಯಾಗೇ ಇದೆ. ಪುಸ್ತಕಗಳು ಹತ್ತು ಪುಟ ಸುತ್ತಾಡಿ ಬಂದು ಮುಟ್ಟುವ ಜಾಗಕ್ಕೆ ನಮ್ಮ ಅಂಗಡಿಕಾರರು ಮೊದಲ ಮಾತಿಗೇ ಬಂದು ಕೂಡುತ್ತಾರೆ.

ಹುನಗುಂದದ ಕಡೆ ಒಂದು ಪತ್ತಿನ ಸಹಕಾರಿ ಇದೆ. ಹೆಸರು ಬೇಡ. ಅಲ್ಲಿಯ ಹಿರಿಯ ಗುಮಾಸ್ತರು ಒಂದು ರಟ್ಟಿನ ಪುಸ್ತಕ ಇಟ್ಟಿದ್ದರು. ಮೊದಲ ಪುಟದ ತಲೆಗೆ ‘ಶ್ರೀ ಸಂಗಮನಾಥ ಪ್ರಸನ್ನ’. ಕೂಡಲಸಂಗಮ ಆ ಕಡೆಯದೇ, ಅವನ ಅಪ್ಪಣೆ ಇಲ್ಲದೆ ಲೆಕ್ಕ ಶುರುವಾಗುವುದಿಲ್ಲ. ಕೆಳಗೆ ಕೆಂಪು ಗೆರೆ ಎಳೆದು ಎರಡು ಅಂಕಣ: ಎಡಕ್ಕೆ ಕುರ್ಚಿ, ಬಲಕ್ಕೆ ನಂಬರು. ಮ್ಯಾನೇಜರ್ ಸಾಹೇಬರು – 192.168.1.10. ನಗದು – 11. ಠೇವಣಿ – 12. ಸಾಲ – 13. ಪ್ರಿಂಟರ್ – 20. ಸಾಹೇಬರಿಗೆ ಮೊದಲ ನಂಬರು, ಪ್ರಿಂಟರಿಗೆ ಕಡೆಯದು. ಜ್ಯೇಷ್ಠತೆ ಎಂದರೆ ಜ್ಯೇಷ್ಠತೆ. ಯಾವ ಮಷಿನ್ ಹೊಸದಾಗಿ ಬಂದರೂ ಗುಮಾಸ್ತರೇ ಪುಸ್ತಕ ನೋಡಿ, ಖಾಲಿ ನಂಬರು ಹುಡುಕಿ, ಬೆರಳು ನಾಲಿಗೆಗೆ ಒತ್ತಿ ಪುಟ ತಿರುವಿ, ಅದನ್ನು ಕಂಪ್ಯೂಟರಿನಲ್ಲಿ ಬರೆಸಿ, ಇಲ್ಲಿ ದಾಖಲಿಸಿ, ಪಕ್ಕಕ್ಕೆ ಸಹಿ ಹಾಕುತ್ತಿದ್ದರು.

ನಾನು ನಗುವುದಿಲ್ಲ. ಆ ಪುಸ್ತಕ ಚೆನ್ನಾಗಿ ನಡೆಯುತ್ತಿತ್ತು, ಲೆಕ್ಕ ತಪಾಸಣೆಯವರು ಬರುವ ತನಕ.

ತಪಾಸಣೆಗೆ ಬಂದವರು ತಮ್ಮ ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿದರು, ನೆಟ್ ಬರಲಿಲ್ಲ. ಪಕ್ಕದ ಮಷಿನ್ ನೋಡಿ ಅದೇ ತರಹದ ಒಂದು ನಂಬರು ತಾವೇ ಹಾಕಿಕೊಂಡರು. ಹಾಕಿಕೊಂಡದ್ದು 11. ಅಷ್ಟೇ, ನಗದಿನ ಕಟ್ಟೆಯ ಕಂಪ್ಯೂಟರಿನಲ್ಲಿ ಹಳದಿ ತ್ರಿಕೋನ ಬಂದು ಕೂತಿತು. ಇದೇ ವಿಳಾಸವನ್ನು ಇನ್ನೊಂದು ಮಷಿನ್ ಬಳಸುತ್ತಿದೆ ಎಂಬ ದೂರು. ಇತ್ತ ಪಿಗ್ಮಿ ಏಜೆಂಟರು ಸಂಜೆಯ ರೊಕ್ಕ ಹಿಡಿದು ಸಾಲಾಗಿ ನಿಂತಿದ್ದಾರೆ. ಒಂದು ನಿಮಿಷ ನೆಟ್ ಬರುತ್ತದೆ, ಒಂದು ನಿಮಿಷ ಹೋಗುತ್ತದೆ. ಒಂದೇ ನಂಬರಿನ ಎರಡು ಮಷಿನ್ ಇದ್ದರೆ ಹೀಗೇ. ಯಾರಿಗೆ ಬಂದ ಪತ್ರ ಯಾರ ಕೈಗೆ ಹೋಗುತ್ತದೋ ಯಾರೂ ಹೇಳುವಂತಿಲ್ಲ.

‘ನನ್ನ ಕೇಳಿದ್ರ ಆಗ್ತಿತ್ತಲ್ರೀ,’ ಅಂದರು ಗುಮಾಸ್ತರು ನನ್ನ ಮುಂದೆ, ನೊಂದು. ‘15 ಖಾಲಿ ಐತಿ, ಹಾಕ್ಕೋರಿ ಅಂತಿದ್ದೆ. ಕೇಳವಲ್ರು ಮಂದಿ.’

ಡಿಎಚ್‌ಸಿಪಿ ಹುಟ್ಟಿದ್ದೇ ಈ ನೋವಿನಿಂದ. ಬಂದವರೆಲ್ಲ ಕೇಳಲೇಬೇಕು, ಕೇಳಿದವರಿಗೆಲ್ಲ ಖಾಲಿ ಇದ್ದದ್ದನ್ನೇ ಕೊಡಬೇಕು, ಕೊಟ್ಟದ್ದನ್ನು ಬರೆದಿಡಬೇಕು. ಇಷ್ಟನ್ನು ರೂಟರಿನೊಳಗೆ ಕೂತ ಒಂದು ಸಣ್ಣ ಪ್ರೋಗ್ರಾಂ ಮಾಡುತ್ತದೆ. ನಮ್ಮ ಗುಮಾಸ್ತರ ಕೆಲಸವೇ ಅದು, ಸಹಿ ಒಂದು ಇಲ್ಲ.

ಮಷಿನ್‌ಗಳ ನಡುವೆ ನಡೆಯುವ ಮಾತುಕತೆಯನ್ನು ಹುನಗುಂದದ ಮಾತಿನಲ್ಲಿ ಹೇಳುತ್ತೇನೆ. ತಂತಿಗೆ ಹೊಸದಾಗಿ ಬಿದ್ದ ಕಂಪ್ಯೂಟರಿಗೆ ಏನೂ ಗೊತ್ತಿರುವುದಿಲ್ಲ. ಯಾರನ್ನು ಕೇಳಬೇಕು ಎಂಬುದೂ ಗೊತ್ತಿಲ್ಲ, ತನ್ನನ್ನು ಏನೆಂದು ಹೇಳಿಕೊಳ್ಳಬೇಕು ಎಂಬುದೂ ಇಲ್ಲ. ಆದ್ದರಿಂದ ತನ್ನ ವಿಳಾಸದ ಜಾಗದಲ್ಲಿ 0.0.0.0 ಎಂದು ಬರೆದುಕೊಂಡು, 255.255.255.255 ಎಂದರೆ ‘ಕೇಳುವವರೆಲ್ಲ ಕೇಳ್ರಿ’ ಎಂದು ಬೊಬ್ಬೆ ಹೊಡೆಯುತ್ತದೆ: ‘ಯಾರರ ಅದೀರೇನ್ರೀ, ನಂಬರ್ ಕೊಡಾವ್ರು?’

ರೂಟರ್: ‘ಅದೀನಿ. 192.168.1.107 ನಿನಗಂತ ತಗದಿಟ್ಟೇನಿ ನೋಡು.’

ಕಂಪ್ಯೂಟರ್ ಮತ್ತೆ ಎಲ್ಲರಿಗೂ ಕೇಳುವಂತೆ: ‘ಹಂಗಾರ ಈ ರೂಟರ್ ಕೊಟ್ಟ 107 ನಾ ತಗೋತೀನಿ, ಆಗಬಹುದಿಲ್ಲೋ?’

ರೂಟರ್: ‘ತಗೋ. ನಾಳೆ ಇಷ್ಟೊತ್ತಿನ ತನಕ ನಿಂದು. ಊರ ಹೊರಗ ಹೋಗೂದಿದ್ರ 192.168.1.1ರ ಬಾಗಿಲಿಂದ ಹೋಗು. ಯಾರದರ ಹೆಸರು ಹಿಡಿದು ಹುಡುಕೂದಿದ್ರ ಈ ಡಿಎನ್‌ಎಸ್‌ನ ಕೇಳು.’

ನಾಲ್ಕು ಮಾತು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಮೂರನೆಯ ಮಾತನ್ನು ಯಾಕೆ ಊರಿಗೆಲ್ಲ ಕೇಳುವಂತೆ ಹೇಳುತ್ತದೆ ಎಂದರೆ, ಅದೇ ತಂತಿಯ ಮೇಲೆ ನಂಬರು ಕೊಡುವವರು ಇಬ್ಬರಿದ್ದರೆ, ಬೇಡವಾದವನು ತಾನು ತೆಗೆದಿಟ್ಟ ನಂಬರನ್ನು ವಾಪಸು ಪೆಟ್ಟಿಗೆಗೆ ಹಾಕಿಕೊಳ್ಳಲಿ ಅಂತ. ಇಬ್ಬರಿದ್ದರೆ ಏನಾಗುತ್ತದೆ ಎಂಬ ರಾಮಾಯಣ ಇಳಕಲ್‌ಗೆ ಹೋದಾಗ ಹೇಳುತ್ತೇನೆ.

ಕೊಟ್ಟದ್ದು ಕಾಯಂ ಅಲ್ಲ, ಲಾವಣಿ, ಎಂದರೆ ಗೇಣಿ. ಅವಧಿ ಅರ್ಧ ಮುಗಿಯುತ್ತಿದ್ದಂತೆ ಮಷಿನ್ ತಾನೇ ಮತ್ತೆ ಹೋಗಿ ‘ಇನ್ನೊಂದಿಷ್ಟು ದಿನ ನಡಸ್ರಿ’ ಅನ್ನುತ್ತದೆ. ಕೊಟ್ಟ ರೂಟರ್ ಉತ್ತರ ಕೊಡದಿದ್ದರೆ ಎಂಟರಲ್ಲಿ ಏಳು ಪಾಲು ಅವಧಿ ಕಳೆದ ಮೇಲೆ ಮತ್ತೆ ಊರಿಗೆಲ್ಲ ಕೂಗುತ್ತದೆ. ಯಾರೂ ಓಗೊಡದೆ ಅವಧಿ ಮುಗಿದರೆ ನಂಬರು ಬಿಟ್ಟುಕೊಡಬೇಕು. ಆಮೇಲೆ ವಿಂಡೋಸ್ ಏನು ಮಾಡುತ್ತದೆಂದರೆ, 169.254 ಎಂದು ಶುರುವಾಗುವ ಒಂದು ನಂಬರನ್ನು ತನಗೆ ತಾನೇ ಇಟ್ಟುಕೊಂಡು ಸುಮ್ಮನೆ ಕೂಡುತ್ತದೆ. ಫೋನ್ ಮಾಡಿ ‘ನಂಬರ್ ಬಂದೈತ್ರೀ, ನೆಟ್ ಬರವಲ್ದು’ ಎನ್ನುವವರಿಗೆ ನಾನು ಮೊದಲು ಕೇಳುವುದು ಇದನ್ನೇ. ನಂಬರು 169ರಿಂದ ಶುರುವಾಗಿದ್ದರೆ ಕೂಗಿದ್ದು ಯಾರ ಕಿವಿಗೂ ಬಿದ್ದಿಲ್ಲ ಎಂದರ್ಥ. ಅರ್ಧ ಸಲ ಕೇಬಲ್ಲಿನ ತಲೆ ಸಡಿಲಾಗಿರುತ್ತದೆ, ಇನ್ನರ್ಧ ಸಲ ಕಸ ಹೊಡೆಯುವಾಗ ರೂಟರಿನ ಪ್ಲಗ್ ಕಿತ್ತಿರುತ್ತದೆ.

ಗುಮಾಸ್ತರು ಇಷ್ಟನ್ನೂ ಕೇಳಿ ಒಂದೇ ಆಕ್ಷೇಪ ಎತ್ತಿದರು. ‘ಇವತ್ತು 107, ನಾಳೆ 110. ಹಿಂಗ ಬದಲಾದ್ರ ಯಾವ ಮಷಿನ್ ಯಾರದು ಅಂತ ಹ್ಯಾಂಗ ಗೊತ್ತಾಗಬೇಕ್ರೀ? ನಾಳೆ ಏನರ ಆದ್ರ ಯಾರ್ನ ಹಿಡಿಯೂದು?’ ಬ್ಯಾಂಕಿನ ಮನುಷ್ಯ ಕೇಳಬೇಕಾದ ಪ್ರಶ್ನೆ. ರೂಟರಿನ ಪುಟ ತೆರೆದು ತೋರಿಸಿದೆ: ಯಾವ ಮಷಿನ್ನು, ಅದರ ಹುಟ್ಟಿನ ಗುರುತಾದ ಮ್ಯಾಕ್ ನಂಬರೇನು, ಈಗ ಯಾವ ವಿಳಾಸದಲ್ಲಿದೆ, ಇನ್ನೆಷ್ಟು ಹೊತ್ತು ಬಾಕಿ, ಎಲ್ಲ ಅಂಕಣ ಅಂಕಣವಾಗಿ ಬರೆದಿತ್ತು. ಅಂಕಣ ಕಂಡದ್ದೇ ಅವರ ಮುಖ ಅರಳಿತು. ಪ್ರಿಂಟರಿಗೂ ಕ್ಯಾಮೆರಾದ ಡಿವಿಆರ್‌ಗೂ ನಂಬರು ಬದಲಾದರೆ ಕೆಲಸ ಕೆಡುತ್ತದೆ, ಆದ್ದರಿಂದ ಅವುಗಳ ಮ್ಯಾಕ್ ನಂಬರು ಹಿಡಿದು ‘ಇವರಿಗೆ ಯಾವಾಗಲೂ ಇದೇ’ ಎಂದು ರೂಟರಿನಲ್ಲೇ ಕಾದಿರಿಸಿದೆವು. ಹೀಗೆ ಮಾಡಿದ್ದರಿಂದ ಮಷಿನ್ ಮಷಿನ್‌ಗೆ ಹೋಗಿ ಕೈಯಿಂದ ಬರೆಯುವ ಕೆಲಸ ತಪ್ಪಿತು, ಕಾಯಂ ಬೇಕಾದವರಿಗೆ ಕಾಯಮ್ಮೂ ಸಿಕ್ಕಿತು. ‘ಅಂದ್ರ ಪ್ರಿಂಟರ್ ಪರ್ಮನೆಂಟು, ಸಾಹೇಬ್ರು ಟೆಂಪರವರಿ,’ ಎಂದು ಅವರು ಮೆಲ್ಲಗೆ ಹೇಳಿದ್ದನ್ನು ಒಳಗಿನ ಕೋಣೆಯವರು ಕೇಳಿಸಿಕೊಳ್ಳಲಿಲ್ಲ.

ಈ ವ್ಯವಸ್ಥೆ ಏನು ಒಂದೇ ದಿನ ಆದದ್ದಲ್ಲ. 1984ರಲ್ಲಿ ರಾರ್ಪ್ ಎಂಬುದು ಬಂತು, ಅದಕ್ಕೆ ವಿಳಾಸ ಒಂದು ಬಿಟ್ಟು ಬೇರೇನೂ ಹೇಳಲು ಬರುತ್ತಿರಲಿಲ್ಲ. 1985ರಲ್ಲಿ ಬೂಟ್‌ಪಿ ಬಂತು. ಅದು ಚೆನ್ನಾಗಿ ಮಾತಾಡುತ್ತಿತ್ತು, ಆದರೆ ಯಾವ ಮಷಿನ್‌ಗೆ ಯಾವ ನಂಬರೆಂದು ಮೊದಲೇ ಯಾರಾದರೂ ಕೂತು ಪಟ್ಟಿ ಬರೆದಿಡಬೇಕಿತ್ತು. ಅಂದರೆ ರಟ್ಟಿನ ಪುಸ್ತಕ ತಪ್ಪಲಿಲ್ಲ. ಲಾವಣಿಯ ಲೆಕ್ಕ ಬಂದದ್ದು 1993ರಲ್ಲಿ, ಡಿಎಚ್‌ಸಿಪಿಯ ಜೊತೆ. ಅಮೆರಿಕದ ಬಕ್‌ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ಎಂಬ ಪ್ರಾಧ್ಯಾಪಕರು ಅದರ ಕರಡು ಬರೆದವರು. ಅದನ್ನೇ ತಿದ್ದಿ ತೀಡಿ, ಇವತ್ತಿಗೂ ನಮ್ಮ ಮನೆ ಮನೆಯ ರೂಟರಿನಲ್ಲಿ ನಡೆಯುತ್ತಿರುವ ನಿಯಮಾವಳಿಯನ್ನು ಹೊರತಂದದ್ದು 1997ರ ಮಾರ್ಚ್‌ನಲ್ಲಿ.

1997 ಎಂದ ಕೂಡಲೇ ನಮ್ಮವರ ಕಿವಿ ನೆಟ್ಟಗಾಗಬೇಕು. ಅದೇ ವರ್ಷ ಆಗಸ್ಟ್ 15ಕ್ಕೆ ಬಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು. ಡಿಎಚ್‌ಸಿಪಿಯ ಈ ನಿಯಮಾವಳಿಯೂ ನಮ್ಮ ಜಿಲ್ಲೆಯೂ ಒಂದೇ ವಾರಿಗೆಯವು. ಕೂತ ಜಾಗ ಬಿಟ್ಟು ಏಳದೆ ಅಷ್ಟೂ ತಾಲೂಕಿನ ಜನರ ವಿಳಾಸ ಒಂದು ರಾತ್ರಿಯಲ್ಲಿ ಬದಲಾಯಿತು. ಆದರೂ ಮದುವೆಯ ಲಗ್ನಪತ್ರಿಕೆಗಳ ಮೇಲೆ ‘ಜಿ. ಬಿಜಾಪುರ’ ಎಂದು ಅಚ್ಚಾಗುವುದು ತಕ್ಷಣ ನಿಲ್ಲಲಿಲ್ಲ. ನಮ್ಮದು ಲಾವಣಿ ಮುಗಿದ ಮೇಲೂ ನಂಬರು ಬಿಡದ ಜಾತಿ. ಇಳಕಲ್‌ನವರನ್ನೂ ಕೇಳಿ ನೋಡಿ. ಹುನಗುಂದ ತಾಲೂಕಿನಲ್ಲಿದ್ದ ಊರು ಈಗ ತಾನೇ ತಾಲೂಕು ಕೇಂದ್ರ, ಆದರೆ ಹಳೆಯ ಅಂಗಡಿಯ ಬೋರ್ಡಿನಲ್ಲಿ ಇನ್ನೂ ‘ತಾ. ಹುನಗುಂದ’ ಎಂದಿದ್ದರೆ ಹುನಗುಂದದವರು ಅದನ್ನು ಬೆರಳಿಟ್ಟು ತೋರಿಸದೆ ಮುಂದೆ ಹೋಗುವುದಿಲ್ಲ.

ಕೈಯಿಂದ ವಿಳಾಸ ಹಂಚುವುದೆಂದರೆ ಏನೆಂದು ನೋಡಬೇಕಾದವರು ಬಾಗಲಕೋಟೆಗೇ ಬರಬೇಕು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಕೃಷ್ಣೆ ಹಿಂದೆ ಸರಿದು, ಘಟಪ್ರಭೆ ಉಬ್ಬಿ, ಹಳೇ ಊರಿನ ಓಣಿಗಳು ಮುಳುಗಡೆಯಾದವು. ಮುಳುಗಿದವರಿಗೆಂದು ನವನಗರ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಹಾಕಿಕೊಟ್ಟ ನಕ್ಷೆ, ಅದನ್ನು ಕಟ್ಟಲು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ಊರಿಗೆ ಓಣಿಗಳ ಬದಲು ಸೆಕ್ಟರುಗಳು, ಮನೆಗಳಿಗೆ ನಂಬರುಗಳು. ಹಳೇ ಊರಿನಲ್ಲಿ ‘ಗುಡಿ ಹಿಂದಿನ ಓಣ್ಯಾಗ, ಬೇವಿನ ಗಿಡದ ಎದುರಿಗೆ’ ಎಂದರೆ ಸಾಕಾಗುತ್ತಿದ್ದವರು ಈಗ ‘ಸೆಕ್ಟರ್ ನಂಬರ್ ಎಷ್ಟು?’ ಎಂದು ಕೇಳಿಸಿಕೊಳ್ಳುವವರಾದರು. ಸರ್ವೆ, ನೋಟೀಸು, ಪರಿಹಾರ, ತಕರಾರು, ಮೇಲ್ಮನವಿ, ಹಕ್ಕುಪತ್ರ ಎಂದು ಒಂದೊಂದು ನಂಬರಿನ ಹಿಂದೆ ಒಂದೊಂದು ದಪ್ಪ ಫೈಲು. ನೀರು ಬಂದ ವೇಗಕ್ಕೂ ನಂಬರು ಬಂದ ವೇಗಕ್ಕೂ ತಾಳಮೇಳ ಇರಲಿಲ್ಲ. ನವನಗರದ ಒಬ್ಬ ನಿವೃತ್ತ ಮಾಸ್ತರರ ಮನೆಗೆ ವೈಫೈ ಹಾಕಿ, ‘ಅಡ್ರೆಸ್ ಬಂತ್ರೀ’ ಅಂದೆ. ‘ಇಷ್ಟ ಲಗೂನ?’ ಎಂದರು. ಅರ್ಜಿ ಕೊಟ್ಟದ್ದು ಯಾರು ಎಂದು ಕೇಳುವ ದನಿ.

ಬಾದಾಮಿಯದು ಬೇರೆ ಕಥೆ. ಅಲ್ಲಿ ನಂಬರು ಕೊಡುವವರೂ ಇದ್ದರು, ಕೇಳುವವರೂ ಇದ್ದರು, ನಂಬರೇ ಇರಲಿಲ್ಲ.

ಬನದ ಹುಣ್ಣಿಮೆಗೆ ಬನಶಂಕರಿಯ ತೇರು. ತೇರು ಒಂದು ದಿನದ್ದು, ಜಾತ್ರೆ ತಿಂಗಳ ತನಕ. ಚೊಳಚಗುಡ್ಡದ ಬಯಲಿನಲ್ಲಿ ನಾಟಕ ಕಂಪನಿಗಳು ಟೆಂಟ್ ಹಾಕುತ್ತವೆ, ರಾತ್ರಿ ನಾಟಕ ನೋಡಿದವರು ಬೆಳಗಿನ ತನಕ ಅಲ್ಲೇ. ಉಳಿದವರು ಬಾದಾಮಿಯ ಲಾಡ್ಜಿನಲ್ಲಿ. ಇಬ್ಬರ ರೂಮಿನಲ್ಲಿ ಎಂಟು ಮಂದಿ, ಎಂಟು ಮಂದಿಗೆ ಹತ್ತು ಫೋನು. ಲಾಡ್ಜಿನ ಕೌಂಟರಿನ ಮೇಲೆ ದೊಡ್ಡ ಅಕ್ಷರದಲ್ಲಿ ವೈಫೈ ಪಾಸ್‌ವರ್ಡ್ ಬರೆದು ಅಂಟಿಸಿದ್ದಾರೆ, ಅದನ್ನು ಓದಲು ರೂಮು ತಗೊಳ್ಳದವರೂ ಬಂದು ನಿಲ್ಲುತ್ತಾರೆ. ಜಾತ್ರೆಯ ಎರಡನೆಯ ದಿನಕ್ಕೆ ಎಲ್ಲರ ಫೋನಿನಲ್ಲೂ ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂಬ ಸಾಲು ಸುತ್ತುತ್ತಲೇ ಇದೆ. ಪಡೆದದ್ದು ಮಾತ್ರ ಇಲ್ಲ.

ಲಾಡ್ಜಿನ ಮಾಲಕರು ಇಂಟರ್ನೆಟ್ ಕಂಪನಿಗೆ ಬೈದು, ಇನ್ನೂ ಹೆಚ್ಚು ವೇಗದ ಪ್ಲಾನ್ ಹಾಕಿಸಿ, ಆಮೇಲೆ ನನ್ನನ್ನು ಕರೆದಿದ್ದರು. ರೂಟರ್ ತಿರುಗಿಸಿ ಬೆನ್ನಿನ ಚೀಟಿ ಓದಿದೆ, 192.168.0.1. ಒಳಗೆ ಹೋದೆ. ಡಿಎಚ್‌ಸಿಪಿ: ಶುರು 100, ಕೊನೆ 199. ನೂರೇ ನಂಬರು. ಅವಧಿಯ ಚೌಕದಲ್ಲಿ 86400.

ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಮಾಲಕರು ಬೆಚ್ಚಿಬಿದ್ದರು. ‘ಎಂಬತ್ತಾರು ಸಾವಿರದ ನಾನೂರು? ಯಾವ ಬಿಲ್ ಇದು ತಮ್ಮಾ? ನಾ ಏನೂ ಕೊಡೂದಿಲ್ಲ ನೋಡು!’

ರೊಕ್ಕ ಅಲ್ಲ, ಸೆಕೆಂಡು ಅಂದೆ. ಒಂದು ದಿನಕ್ಕೆ ಅಷ್ಟು ಸೆಕೆಂಡು. ಅಂದರೆ ಒಂದು ಫೋನಿಗೆ ಒಮ್ಮೆ ನಂಬರು ಕೊಟ್ಟರೆ ಒಂದು ದಿನ ಅದು ಇನ್ನೊಬ್ಬರಿಗಿಲ್ಲ. ಬೆಳಿಗ್ಗೆ ಏಳಕ್ಕೆ ಬಂದವರು ಮುಖ ತೊಳೆದು, ಚಹಾ ಕುಡಿದು, ಫೋಟೋ ಕಳಿಸಿ, ಒಂಬತ್ತಕ್ಕೆ ಗುಡಿಗೆ ಹೋಗಿ ಹಾಗೇ ಊರಿಗೆ ಹೋಗುತ್ತಾರೆ. ಫೋನುಗಳು ಹೋಗುವಾಗ ಸಾಮಾನ್ಯವಾಗಿ ‘ಬರ್ತೇವ್ರಿ’ ಎಂದು ಹೇಳುವುದಿಲ್ಲ. ನಂಬರು ವಾಪಸು ಕೊಡುವ ಮಾತೊಂದು ನಿಯಮದಲ್ಲಿ ಇದೆ, ಆಡುವವರು ಕಡಿಮೆ. ಕೀಲಿ ಜೇಬಿನಲ್ಲೇ ಇಟ್ಟುಕೊಂಡು ಹೋದ ಗಿರಾಕಿಯ ಹಾಗೆ. ರೂಮು ಖಾಲಿ, ರಿಜಿಸ್ಟರಿನಲ್ಲಿ ಭರ್ತಿ. ಹೊಸಬರು ಹೆಂಡತಿ ಮಕ್ಕಳ ಸಮೇತ ಕೌಂಟರಿನಲ್ಲಿ ನಿಂತಿದ್ದಾರೆ.

ಈ ಮಾತು ಅವರಿಗೆ ತಟ್ಟನೆ ಹತ್ತಿತು. ಅವರ ಜೀವನದ ದೊಡ್ಡ ದುಃಖವೇ ಅದು. ‘ಹಂಗಾರ ಕಡಿಮಿ ಮಾಡು.’ 7200 ಹಾಕಿದೆ, ಎರಡು ತಾಸು. ಚೌಕಾಶಿಯ ರಕ್ತ, ಬಿಡಲಿಲ್ಲ. ‘ಇನ್ನಾ ಒಂದಿಷ್ಟು ಇಳಸು.’ 3600 ಆಯಿತು. ‘ಎರಡು ಸಾವಿರಕ್ಕ ಮುಗಿಸು’ ಅಂದರು. ಅಷ್ಟು ಬೇಡ, ಅರ್ಧ ಅವಧಿಗೊಮ್ಮೆ ಪ್ರತಿ ಫೋನೂ ಬಂದು ಕೇಳುತ್ತದೆ, ಆ ಹೊತ್ತಿಗೆ ಕರೆಂಟ್ ಹೋಗಿ ಅವಧಿ ಮುಗಿಯುವ ತನಕ ರೂಟರ್ ಮಲಗಿದ್ದರೆ ಇದ್ದ ನಂಬರೂ ಕೈಬಿಡುತ್ತದೆ ಎಂದು ಒಂದು ತಾಸಿಗೇ ನಿಲ್ಲಿಸಿದೆ. ಆಮೇಲೆ ನಂಬರುಗಳ ಸಾಲನ್ನು ಶುರು 10, ಕೊನೆ 250 ಎಂದು ಹಿಗ್ಗಿಸಿದೆ. ಜಾತ್ರೆಗೆ ಅದೂ ಸಾಲದಿದ್ದರೆ ಮಾಸ್ಕ್ ಎನ್ನುವ ಜಾಗದಲ್ಲಿ 255.255.255.0 ಇದ್ದದ್ದನ್ನು 255.255.254.0 ಮಾಡಬಹುದು, ಆಗ 510 ವಿಳಾಸ ಸಿಗುತ್ತವೆ. ಒಂದೇ ಅಂಕಿ ಬದಲಾಯಿಸಿದ್ದಕ್ಕೆ ಮನೆ ಎರಡುಪಟ್ಟು ಆಗುವುದು ಲಾಡ್ಜಿನವರಿಗೆ ಬಹಳ ಇಷ್ಟವಾಯಿತು. ಕಟ್ಟಡಕ್ಕೂ ಹಾಗೆ ಮಾಡಲು ಬರುತ್ತದೇನು ಎಂದು ಕೇಳಿದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮ್ಯಾಕ್ ನಂಬರು ಹುಟ್ಟಿನ ಗುರುತು ಅಂದೆನಲ್ಲ, ಫೋನುಗಳ ಮಟ್ಟಿಗೆ ಅದು ಈಗ ಪೂರ್ತಿ ನಿಜವಲ್ಲ. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದ ಮೇಲಿಂದ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ಹೇಳುತ್ತವೆ. ಯಾರೂ ಬೆನ್ನು ಹತ್ತಬಾರದೆಂದು. ಒಳ್ಳೆಯದೇ. ಆದರೆ ಮಾಲಕರ ಸ್ವಂತ ಫೋನಿಗೆ ಕಾಯಂ ನಂಬರು ಕಾದಿರಿಸಿ, ಅದು ಮರೆತು ಬೇರೆ ಹೆಸರು ಹೇಳಿಕೊಂಡು ಬಂದರೆ ರೂಟರ್ ‘ನೀವ್ಯಾರ್ರೀ?’ ಎನ್ನುತ್ತದೆ. ತಮ್ಮದೇ ಲಾಡ್ಜಿನಲ್ಲಿ.

ಇನ್ನು ಇಳಕಲ್. ಸೀರೆಯ ಅಂಗಡಿ. ಬಿಳಿ ಚಾದರ ಹಾಸಿದ ಗಾದಿಯ ಮೇಲೆ ಸಾಹುಕಾರ್ರು, ಮುಂದೆ ಗೋಮಿ ದಡಿಯದೊಂದು, ಗಾಡಿದಡಿಯದೊಂದು ಬಿಚ್ಚಿಟ್ಟಿದ್ದಾರೆ. ಎದುರಿಗೆ ಸ್ಟ್ಯಾಂಡಿಗೆ ಸಿಗಿಸಿದ ಫೋನು. ಪುಣೆಯ ಗಿರಾಕಿ ವಿಡಿಯೋದಲ್ಲಿ ಇದ್ದಾರೆ. ಟೋಪ ತೆನಿ ಸೆರಗು ಮೈಯ ಹಾಸಿಗೆ ಕೂಡುವ ಜಾಗ ತೋರಿಸಿ ಅಂದರು. ಇಳಕಲ್ ಸೀರೆಯಲ್ಲಿ ಮೈಯ ಎಳೆಗಳು ಬೇರೆ, ಸೆರಗಿನ ಎಳೆಗಳು ಬೇರೆ, ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ, ಬಲ್ಲವರು ಮೊದಲು ನೋಡುವುದು ಅದನ್ನೇ. ಸಾಹುಕಾರ್ರು ಸೀರೆ ಎತ್ತಿ ಹಿಡಿದರು. ಅಲ್ಲಿಗೆ ಚಿತ್ರ ನಿಂತಿತು. ಬಾಯಿ ಅರ್ಧ ತೆರೆದ ಪುಣೆಯವರು ಹಾಗೇ ಇದ್ದಾರೆ.

‘ಇದು ಅಮಾವಾಸ್ಯಿ ಮುಂದ ಹಿಂಗ ಮಾಡ್ತೈತಿ,’ ಎಂದು ಸಾಹುಕಾರ್ರ ತೀರ್ಮಾನ. ರೂಟರಿನ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣಿತ್ತು, ಒಣಗಿತ್ತು. ಒಂದು ದಿನ ಬಿಲ್ ಬರುತ್ತದೆ, ಒಂದು ದಿನ ಬರುವುದಿಲ್ಲ. ಮುಂದಿನ ಫೋನಿಗೆ ನೆಟ್ ಇದ್ದರೆ ಹಿಂದಿನ ಕಂಪ್ಯೂಟರಿಗೆ ಇಲ್ಲ. ಬಿಲ್ಲಿನ ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿ ತೆರೆದು ಐಪಿಕಾನ್ಫಿಗ್ ಆಲ್ ಎಂದು ಹೊಡೆದೆ. ಬಹಳ ಜನ ಅದರಲ್ಲಿ ವಿಳಾಸ ಒಂದನ್ನೇ ನೋಡಿ ಮುಚ್ಚುತ್ತಾರೆ. ಕೆಳಗೆ ‘ಡಿಎಚ್‌ಸಿಪಿ ಸರ್ವರ್’ ಎಂಬ ಸಾಲೊಂದಿರುತ್ತದೆ, ನಂಬರು ಕೊಟ್ಟವರು ಯಾರೆಂದು ಹೇಳುವ ಸಾಲು. ಅಂಗಡಿಯ ರೂಟರ್ 192.168.1.1. ಇಲ್ಲಿ ಬರೆದದ್ದು 192.168.0.1. ಯಾರಿದು ಸೊನ್ನೆಯವನು?

ತಂತಿ ಹಿಡಿದು ಹೋದೆ. ಒಳಕೋಣೆಯಲ್ಲಿ, ಸೀರೆಯ ಗಂಟುಗಳ ಮೇಲೆ, ಒಂದು ಹಳೆಯ ರೂಟರ್ ಮಿಣ ಮಿಣ ಅನ್ನುತ್ತಿತ್ತು.

‘ಅದನ್ನ ನಮ್ಮ ಅಳಿಯ ಹಾಕ್ಯಾನ,’ ಅಂದರು ಸಾಹುಕಾರ್ರು. ‘ಇಂಜಿನಿಯರಿಂಗ್ ಓದ್ತಾನ. ಒಳಗ ಸಿಗ್ನಲ್ ಬರವಲ್ದು ಅಂದೆ, ಮನ್ಯಾಗಿನ ಹಳೇದು ತಂದು ಹಚ್ಚಿದ.’ ಹುಡುಗನೂ ಬಂದ. ‘ಮಾಮಾ, ಅದರಾಗೇನೂ ತಪ್ಪಿಲ್ಲ’ ಎಂದು ಮೊದಲೇ ಹೇಳಿದ. ಡಿಎಚ್‌ಸಿಪಿ ಗೊತ್ತೇನಪಾ ಅಂದೆ. ‘ಡೋರಾ! ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್’ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ. ಸಾಹುಕಾರ್ರು ನನ್ನ ಕಡೆ ಹೆಮ್ಮೆಯಿಂದ ನೋಡಿದರು.

ಆದದ್ದಿಷ್ಟೆ. ಹಳೆಯ ರೂಟರಿನೊಳಗಿನ ಹಂಚುವವನೂ ಎಚ್ಚರವಿದ್ದ. ಕಂಪ್ಯೂಟರ್ ಬೆಳಿಗ್ಗೆ ಎದ್ದು ‘ಯಾರರ ಅದೀರೇನ್ರೀ’ ಎಂದು ಕೂಗಿದಾಗ ಇಬ್ಬರೂ ಓಗೊಟ್ಟರು. ಬಹುಪಾಲು ಮಷಿನ್‌ಗಳು ಮೊದಲು ಕೇಳಿಸಿದವನ ಮಾತಿಗೇ ಒಪ್ಪಿಕೊಳ್ಳುತ್ತವೆ. ಸರಿಯಾದವನು ಮೊದಲು ಮಾತಾಡಿದ ದಿನ ವ್ಯಾಪಾರ. ಹಳೆಯವನು ಮೊದಲು ಮಾತಾಡಿದ ದಿನ ‘ಹೊರಗೆ ಹೋಗುವ ಬಾಗಿಲು ನಾನೇ’ ಎಂದು ಅವನೂ ಹೇಳುತ್ತಾನೆ, ಅವನ ಬಾಗಿಲ ಹಿಂದೆ ಗೋಡೆ ಮಾತ್ರ. ಪ್ರಿಂಟರ್ 192.168.1.50ರಲ್ಲಿ ಕೂತು ಕಾಯುತ್ತದೆ, ಇವರು ಸೊನ್ನೆಯ ಓಣಿಯಲ್ಲಿ ನಿಂತು ಅದನ್ನು ಕರೆಯುತ್ತಾರೆ. ದೊಡ್ಡ ಕಚೇರಿಗಳಲ್ಲಿ ಇಂಥ ಕಳ್ಳ ಹಂಚಿಕೆಯವರನ್ನು ಹಿಡಿಯಲೆಂದೇ ಸ್ವಿಚ್ಚಿನಲ್ಲಿ ಕಾವಲು ಇರುತ್ತದೆ. ಅಂಗಡಿಯಲ್ಲಿ ನಿಂಬೆಹಣ್ಣು.

ಮಾಡಿದ್ದು ಸಣ್ಣ ಕೆಲಸ. ಹಳೆಯ ರೂಟರಿನ ಒಳಗೆ ಹೋಗಿ ಡಿಎಚ್‌ಸಿಪಿಯನ್ನು ಆರಿಸಿದೆ. ಅದಕ್ಕೆ ಹಂಚಿಕೆಯ ಸಾಲಿನ ಹೊರಗಿನ 192.168.1.2 ಕೊಟ್ಟೆ. ಕೇಬಲ್ಲು ಅದರ ಲ್ಯಾನ್ ಕಿಂಡಿಯಲ್ಲೇ ಇತ್ತು, ಇರಲಿ ಬಿಟ್ಟೆ. ಇನ್ನು ಅದು ಸಿಗ್ನಲ್ ಹರಡುತ್ತದೆ, ನಂಬರಿನ ವಿಷಯಕ್ಕೆ ಬಾಯಿ ಹಾಕುವುದಿಲ್ಲ. ಬಿಲ್ಲಿನ ಕಂಪ್ಯೂಟರಿಗೆ ರಿಲೀಸ್, ರಿನ್ಯೂ ಎಂದು ಹೇಳಿದೆ, 1.104 ಬಂತು, ಪ್ರಿಂಟರ್ ಕಿರ್ರೆಂದು ಮೂರು ದಿನದ ಹಳೆಯ ಬಿಲ್ಲುಗಳನ್ನೆಲ್ಲ ಒಮ್ಮೆಗೇ ಉಗುಳಿತು. ಹುಡುಗ ಕೇಳಿದ ಪ್ರಶ್ನೆ ಚೆನ್ನಾಗಿತ್ತು: ‘ಇಬ್ರು ಸರ್ವರ್ ಇದ್ರ ಏನ್ ಆಗ್ತೈತಿ ಅಂತ ಪುಸ್ತಕದಾಗ ಯಾಕ ಕೇಳೂದಿಲ್ರೀ ಸರ?’ ಎರಡು ಮಾರ್ಕಿನ ಪ್ರಶ್ನೆಗೆ ಅಷ್ಟು ಜಾಗ ಇರುವುದಿಲ್ಲಪ್ಪ ಅಂದೆ.

ಸಾಹುಕಾರ್ರು ಗಲ್ಲಾ ಪೆಟ್ಟಿಗೆಗೆ ಕೈ ಹಾಕಿ, ತೆಗೆಯದೆ, ಹಾಗೇ ಕೂತರು. ‘ತಮ್ಮಾ, ನಂಬರ್ ಕೊಟ್ಟದ್ದು ರೂಟರ್. ತಗೊಂಡದ್ದು ಕಂಪ್ಯೂಟರ್. ಎಲ್ಲಾ ತಾನಾಗೇ ಆಗ್ತೈತಿ ಅಂತ ನೀನ ಹೇಳಿದಿ. ಹಂಗಿದ್ರ ನಿನಗ ರೊಕ್ಕ ಯಾಕ?’

ಇದಕ್ಕೆ ಡ್ರೋಮ್ಸ್ ಸಾಹೇಬರ ನಿಯಮಾವಳಿಯಲ್ಲಿ ಉತ್ತರ ಇಲ್ಲ. ಕಡೆಗೆ ಅರ್ಧ ರೊಕ್ಕ, ಒಂದು ಕಪ್ಪು ಚಹಾ, ಇನ್ನರ್ಧಕ್ಕೆ ಬದಲಾಗಿ ಮನೆಯವರಿಗೆ ಸೀರೆ ಕೊಂಡರೆ ರಿಯಾಯಿತಿ ಎಂದು ಇತ್ಯರ್ಥ. ರಿಯಾಯಿತಿ ಕಳೆದ ಮೇಲೆ ಅವರಿಗೇ ನಾನು ಬಾಕಿ ಬಿದ್ದೆ.

ಅಲ್ಲಿಗೆ ಬಿಡಲಿಲ್ಲ. ‘ಮನ್ಯಾಗ ಕುಂತು ಅಂಗಡಿ ಕ್ಯಾಮೆರಾ ನೋಡಬೇಕು, ಒಂದು ಕಾಯಂ ನಂಬರ್ ಕೊಡ್ಸು.’ ಒಳಗಿನ ನಂಬರುಗಳಿಗೆ ಹೊರಗೆ ಬೆಲೆ ಇಲ್ಲ ಎಂದು ಹೇಳಬೇಕಾಯಿತು. 192.168ರ ಮನೆತನ ಊರೂರಿನಲ್ಲೂ ಇದೆ. ಇಳಕಲ್‌ನಲ್ಲಿ ಇರುವ 192.168.1.50 ಲಂಡನ್ನಿನಲ್ಲೂ ಇದೆ. ಹೊರಗಿನ ವಿಳಾಸ ಕೊಡುವವರು ಇಂಟರ್ನೆಟ್ ಕಂಪನಿಯವರು, ಅದೂ ಲಾವಣಿಯೇ. ಎಷ್ಟೋ ಕಡೆ ಈಗ ಅದನ್ನೂ ಪೂರ್ತಿ ಕೊಡುವುದಿಲ್ಲ: ರೂಟರಿನ ಹೊರಬಾಗಿಲ ನಂಬರು 100.64ರಿಂದ 100.127ರ ನಡುವೆ ಇದ್ದರೆ ನೂರಾರು ಮನೆಗೆ ಸೇರಿ ಒಂದೇ ವಿಳಾಸ ಎಂದು ತಿಳಿಯಬೇಕು. ನಾಲ್ಕು ತುಂಡಿನ ಹಳೆಯ ವಿಳಾಸಗಳು ಲೆಕ್ಕಕ್ಕೆ 429 ಕೋಟಿ ಚಿಲ್ಲರೆ. ಜಗತ್ತಿನ ದಾಸ್ತಾನಿನ ಕೊನೆಯ ಗಂಟುಗಳನ್ನು ಹಂಚಿ ಕೈ ತೊಳೆದದ್ದು 2011ರ ಫೆಬ್ರವರಿ 3ಕ್ಕೆ. ನಮ್ಮ ಏಷ್ಯಾದ ಪಾಲಿನಲ್ಲಿ ಅದೇ ಏಪ್ರಿಲ್ 15ಕ್ಕೆ ಪಡಿತರ ಶುರುವಾಯಿತು. ಕಾಯಂ ಬೇಕೆಂದರೆ ಬೇರೆ ರೊಕ್ಕ ಕೊಡಬೇಕು. ರೊಕ್ಕ ಎಂದದ್ದೇ ಸಾಹುಕಾರ್ರಿಗೆ ಮನೆಯಲ್ಲಿ ಕೂತು ಕ್ಯಾಮೆರಾ ನೋಡುವ ಆಸೆ ಹೋಯಿತು.

ಹೊಸದಾದ ಐಪಿವಿ6ನಲ್ಲಿ ಈ ಬರಗಾಲ ಇಲ್ಲ. ಅಲ್ಲಿ ರೂಟರ್ ‘ಇದು ನಮ್ಮ ಓಣಿ’ ಎಂದಷ್ಟೇ ಸಾರಿದರೆ ಸಾಕು, ಮನೆ ನಂಬರನ್ನು ಮಷಿನ್ ತಾನೇ ಹುಟ್ಟಿಸಿಕೊಳ್ಳಬಲ್ಲದು, ಹಂಚುವವನೇ ಬೇಕಿಲ್ಲ. ಇದನ್ನು ಹುನಗುಂದದ ಗುಮಾಸ್ತರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ‘ತಂದ ನಂಬರ್ ತಾನ ಇಟಗೋತೈತಿ?’ ಎಂದು ಎರಡು ಸಲ ಕೇಳಿದರು. ಕಲಿಗಾಲದ ಲಕ್ಷಣಗಳಲ್ಲಿ ಒಂದನ್ನು ಕಂಡವರ ಹಾಗೆ ಆ ಕಡೆ ಈ ಕಡೆ ನೋಡಿದರು. ಆಮೇಲೆ, ಹೇಗಿರುತ್ತದೆ ಒಂದು ಬರೆದು ತೋರಿಸಿ ಎಂದು ರಟ್ಟಿನ ಪುಸ್ತಕ ಮುಂದೆ ಸರಿಸಿದರು.

ಬರೆದೆ. ನಾಲ್ಕು ನಾಲ್ಕರಂತೆ ಎಂಟು ಗುಂಪು, ಅಂಕಿಗಳ ನಡುವೆ ಎಯಿಂದ ಎಫ್ ತನಕ ಅಕ್ಷರಗಳು. ಬಲಗಡೆಯ ಅಂಕಣ ದಾಟಿ, ಕೆಂಪು ಗೆರೆ ದಾಟಿ, ಸಹಿಯ ಜಾಗವನ್ನೂ ನುಂಗಿ ರಟ್ಟಿನ ಅಂಚಿಗೆ ಬಂದು ನಿಂತಿತು.

ಗುಮಾಸ್ತರು ಪುಸ್ತಕ ಅಡ್ಡ ತಿರುಗಿಸಿ ನೋಡಿದರು. ‘ಇದಕ್ಕ ಬ್ಯಾರೆ ಲೆಜರ್ ತರಸಬೇಕ್ರೀ,’ ಅಂದರು. ‘ಮ್ಯಾನೇಜರ್ ಸಾಹೇಬ್ರಿಗೆ ಒಂದು ಅರ್ಜಿ ಕೊಡ್ತೀನಿ.’